ಕೊಳವೆಯ ಆ ತುದಿಯಲ್ಲಿ ಯಾರಿದ್ದಾರೆ, ನೋಡಿದ್ದೀಯಾ?

ಮರಿ, ನಿನ್ನ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ನಕ್ಷೆ ನೋಡಿದೆ. ಗೆರೆ ಚೆನ್ನಾಗಿವೆ, ಬಣ್ಣ ಇನ್ನೂ ಚೆನ್ನಾಗಿದೆ. ಊರು ಮಾತ್ರ ಅದರಲ್ಲಿ ಎಲ್ಲೂ ಕಾಣಲಿಲ್ಲ.

50 ಸಾವಿರ ಜನ, ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ಶೇ 80 ಚರಂಡಿಗೆ, ಒಟ್ಟು 54 ಲಕ್ಷ ಲೀಟರ್ ಅಂತ ಬರೆದಿದ್ದೀಯ. ಗುಣಾಕಾರ ತಪ್ಪಿಲ್ಲ, ಕೈಪಿಡಿಯೂ ಹಾಗೇ ಹೇಳುತ್ತೆ. ಆದರೆ ನಮ್ಮ ಬಯಲುಸೀಮೆಯಲ್ಲಿ ವಾರಕ್ಕೊಮ್ಮೆ ನಲ್ಲಿ ಬಂದರೆ ಹಬ್ಬ. 135 ಲೀಟರ್ ಎಲ್ಲಿಂದ ತರ್ತೀಯಪ್ಪ?

ಮೊದಲು ನೀರುಗಂಟಿಯನ್ನು ಹಿಡಿ. ಯಾವ ವಾರ್ಡಿಗೆ ಯಾವತ್ತು ನೀರು ಬಿಡ್ತಾನೆ, ಕೇಳಿ ಬರಕೋ. ಆ ದಿನ ಬೆಳಿಗ್ಗೆ ಮೋರಿ ಪಕ್ಕ ನಿಲ್ಲು. ಡ್ರಮ್ಮಿನ ತಳದಲ್ಲಿ ಉಳಿದ ಹಳೇ ನೀರು ಚೆಲ್ಲುತ್ತಾರೆ, ಡ್ರಮ್ಮು ತಿಕ್ಕುತ್ತಾರೆ, ವಾರದ ಬಟ್ಟೆಯೆಲ್ಲ ಒಗೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹಳ್ಳದ ತುಂಬ ಸೋಪಿನ ನೊರೆ. ಮೂರು ದಿನ ಬಿಟ್ಟು ಅಲ್ಲಿಗೇ ಹೋಗು. ಬೆರಳು ಗಾತ್ರದ ಕಪ್ಪು ಧಾರೆ, ಮೂಗು ಮುಚ್ಚಿಕೊಳ್ಳಬೇಕು. ನೀರು ಕಡಿಮೆಯಾದಷ್ಟೂ ಕೊಳೆ ಗಟ್ಟಿ. ಆ ಗಟ್ಟಿ ಕೊಳೆ ಪೈಪಿನಲ್ಲೇ ಕೂತುಬಿಡುತ್ತೆ, ಮ್ಯಾನ್‌ಹೋಲ್ ಉಕ್ಕುತ್ತೆ, ಜೆಟ್ಟಿಂಗ್ ಗಾಡಿ ಬರಬೇಕಾಗುತ್ತೆ. ಈ ಏರಿಳಿತ ಅಳೆಯದೆ ತೊಟ್ಟಿಯ ಗಾತ್ರ ಬರೆಯೋದು, ಮಗು ಹುಟ್ಟೋ ಮುಂಚೆ ಅಂಗಿ ಹೊಲಿಸಿದಂತೆ. ಈಗ ಬೇಕಾದಷ್ಟೇ ಕಟ್ಟು, ಪಕ್ಕದಲ್ಲಿ ಜಾಗ ಬಿಡು.

ಇನ್ನೊಂದು. ರಸ್ತೆಯಲ್ಲಿ ಯುಜಿಡಿ (ಒಳಚರಂಡಿ) ಪೈಪು ಹೂತ ಮಾತ್ರಕ್ಕೆ ಮನೆಯ ನೀರು ಅದಕ್ಕೆ ಬಂತು ಅಂತಲ್ಲ. ಎಷ್ಟು ಮನೆ ಸಂಪರ್ಕ ತಗೊಂಡಿವೆ, ಬೀದಿ ಸುತ್ತಿ ಎಣಿಸು. ಉಳಿದವರದ್ದು ಗುಂಡಿ. ಅದರ ಮಲಕೆಸರಿಗೂ ದಾರಿ ಬೇಕು. ದೇವನಹಳ್ಳಿಯಲ್ಲಿ 2015ರಿಂದ ಅದಕ್ಕೇ ಬೇರೆ ಘಟಕ ಇದೆ, ಹೋಗಿ ನೋಡು.

ಗಾಳಿ ಊದುವ ಯಂತ್ರ ಹಾಕಿದ್ದೀಯಲ್ಲ, ಘಟಕದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೊಂದೇ ತಿನ್ನುತ್ತೆ. ಬಿಲ್ಲು ಕಟ್ಟೋದು ಪುರಸಭೆ. ಬ್ಲೋವರ್ ಕೆಟ್ಟರೆ ರಿಪೇರಿಗೆ ಯಾರು, ಎಲ್ಲಿಂದ ಬರಬೇಕು? ಅಗ್ಗದ ಗೋಮಾಳ ಇರುವ ಸಣ್ಣ ಊರಿಗೆ ನನ್ನ ಓಟು ಕೊಳೆನೀರು ನಿಲ್ಲಿಸಿ ಶುದ್ಧ ಮಾಡುವ ಹೊಂಡಗಳಿಗೇ. ಒಂದಾದ ಮೇಲೊಂದು ಮೂರು ಹೊಂಡ. ಕೊನೆಯದರಲ್ಲಿ ರೋಗಾಣು ಸಾಯಿಸುವ ಕೆಲಸ ಬಿಸಿಲಿನದು, ಅದು ನಮ್ಮಲ್ಲಿ ಪುಕ್ಕಟೆ. ನಷ್ಟವೇ ಇಲ್ಲ ಅಂದುಕೋಬೇಡ. ಮಳೆ ಸುರಿದದ್ದರ ಎಷ್ಟೋ ಪಟ್ಟು ನೀರನ್ನು ಅದೇ ಬಿಸಿಲು ಕುಡಿಯುತ್ತೆ, ಉಪ್ಪು ಉಳಿಯುತ್ತೆ. ಹಾಗಾಗಿ ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚಾಗಿ ನೀರು ಹೊಂಡದಲ್ಲಿ ನಿಲ್ಲಬಾರದು. ಊರಿನ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತಲೂ ನೋಡಿಕೋ, ಇಲ್ಲದಿದ್ದರೆ ವಾಸನೆಗೆ ಜನ ನಿನ್ನ ಹೆಸರಿಡ್ತಾರೆ.

ನಿನ್ನ ನಕ್ಷೆಯ ಕೊನೆಯಲ್ಲಿ ಒಂದು ಬಾಣ ಇದೆ, ‘ಹಳ್ಳಕ್ಕೆ’ ಅಂತ. ಆ ಹಳ್ಳ ಖಾಲಿ ಇದೆ ಅಂದುಕೊಂಡೆಯಾ? ಹುಬ್ಬಳ್ಳಿ-ಧಾರವಾಡದ ಸುತ್ತ ರೈತರು ಚರಂಡಿ ನಾಲಾಕ್ಕೆ ಪಂಪು ಇಟ್ಟು ಎಷ್ಟೋ ವರ್ಷಗಳಿಂದ ಬೆಳೆ ತೆಗೀತಿದ್ದಾರೆ. ಕೋಲಾರದ ಕಥೆ ನಿನಗೇ ಗೊತ್ತು. ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ತರುವ ಯೋಜನೆ ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ನೊರೆಯೂ ಬಂತು, ವಿಷಯ ಕೋರ್ಟು ಹತ್ತಿತು. ಕೆರೆ ತುಂಬಿ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಇನ್ನೂ ಇರೋದೂ ನಿಜ.

ನಿನ್ನ ಹಳ್ಳದ ದಂಡೆಯಲ್ಲೂ ಹುಲ್ಲು, ಸೊಪ್ಪು ಬೆಳೆಯುವವರು ಇದ್ದಾರೆ. ಯಾವ ತಿಂಗಳು ಎಷ್ಟು ನೀರು ಬೇಕು, ಯಾವ ಬೆಳೆಗೆ, ಈಗ ಯಾರ ಪಂಪು ಎಲ್ಲಿದೆ ಅಂತ ಅವರನ್ನೇ ಕೂರಿಸಿಕೊಂಡು ಕೇಳು. ಟೆಂಡರ್ ಕರೆದ ಮೇಲಲ್ಲ ಮರಿ, ಅದಕ್ಕೂ ಮುಂಚೆ.