ತಂದೆಯವರ ಸೈಕಲ್ಲಿಗೆ ಮರುಜೀವ

ತಮ್ಮ ತೀರ್ಥರೂಪರು ನಾಟಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಕೊಂಡು ತಂದ, ಬಹುಕಾಲ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದ ಆ ರ್‍ಯಾಲಿ ರೇಸಿಂಗ್ ಸೈಕಲ್ಲನ್ನು ಪುನಃ ರಸ್ತೆಗಿಳಿಸಬೇಕೆಂಬ ತಮ್ಮ ಸಂಕಲ್ಪವನ್ನು ಓದಿ ನನಗೆ ಹೃತ್ಪೂರ್ವಕವಾದ ಸಂತೋಷವಾಯಿತು. ಬಣ್ಣದ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಸೀಟಿನ ಕೊಳವೆ ತುಕ್ಕಿನಿಂದ ಕಚ್ಚಿಕೊಂಡಿದೆಯೇ ಎಂದು ಮೊದಲು ಪರೀಕ್ಷಿಸಿರಿ. ಕಚ್ಚಿದ್ದರೆ ಬಲಪ್ರಯೋಗ ಮಾಡದೆ, ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಎರಡು ಮೂರು ದಿನ ಕಾಯಿರಿ.

ಹಳೆಯ 27 ಇಂಚಿನ ಉಕ್ಕಿನ ರಿಮ್ಮುಗಳು ಮಳೆಯಲ್ಲಿ ನೆನೆದವೆಂದರೆ ಬ್ರೇಕು ಹಿಡಿಯುವುದೇ ದುಸ್ತರವಾದುದರಿಂದ, ಹಣವನ್ನು ಮೊದಲು ವ್ಯಯಿಸತಕ್ಕದ್ದು ಚಕ್ರಗಳಿಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ಪ್ರಚಲಿತವಾಗಿರುವ 700ಸಿ ಅಲ್ಯೂಮಿನಿಯಂ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 622 ಮಿಲಿಮೀಟರು, ಹಳೆಯದರಲ್ಲಿ 630. ಆದಕಾರಣ ಬ್ರೇಕಿನ ರಬ್ಬರು 4 ಮಿಲಿಮೀಟರು ಕೆಳಗಿಳಿಯಬೇಕು, ಅಷ್ಟು ಇಳಿಯಲು ಅವಕಾಶವಿದೆಯೇ ಎಂದು ಅಳೆದ ಮೇಲೆಯೇ ಕೊಳ್ಳಿರಿ. ಹಿಂಚಕ್ರ ಕೂರುವ ಕವೆಯ ಅಂತರ 126 ಮಿಲಿಮೀಟರು ಇದ್ದು ಹೊಸ ಹಬ್ಬು 130 ಬೇಡಿದರೆ, ಉಕ್ಕಿನ ಫ್ರೇಮಾದ್ದರಿಂದ ಅನುಭವಿಯಾದ ಮೇಸ್ತ್ರಿಯು ಅದನ್ನು ಹಿಗ್ಗಿಸಿಕೊಡಬಲ್ಲನು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಈ ಸಾಹಸ ಎಂದಿಗೂ ಕೂಡದು.

ಹ್ಯಾಂಡಲಿನ ಕೆಳಗೆ ಕೊಕ್ಕರೆಯ ತಲೆಯ ಲಾಂಛನವೊಂದಿರುತ್ತದಲ್ಲವೆ, ಅದನ್ನು ಮಾತ್ರ ಉಜ್ಜುಕಾಗದದಿಂದ ತಿಕ್ಕಬೇಡಿರಿ; ಮೆತ್ತನೆಯ ಬಟ್ಟೆಯಿಂದ ಒರಸಿ, ತೆಳುವಾಗಿ ಮೇಣ ಹಚ್ಚಿದರೆ ಸಾಕು.