ಹಚ್ಚೆಯ ಕಾರಣವನ್ನು ಕೇಳುವ ಬಗೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ವಯಸ್ಸಾದ ಹೆಂಗಸರ ಮುಂಗೈಯನ್ನು ಗಮನಿಸಿದರೆ, ಮಾಸಿದ ಹಸಿರು-ನೀಲಿ ಬಣ್ಣದ ಚುಕ್ಕೆಗಳೂ ಗೆರೆಗಳೂ ಹಲವರಲ್ಲಿ ಕಾಣುತ್ತವೆ. ಅದೇ ಊರಿನ ಕಾಲೇಜು ತರುಣನ ತೋಳಿನ ಮೇಲೆ ಕಡುಗಪ್ಪಾದ ಹೆಸರೋ ಚಿತ್ರವೋ ಇರುವುದುಂಟು. ಮೊದಲನೆಯದನ್ನು ಹಚ್ಚೆಯೆಂದೂ ಎರಡನೆಯದನ್ನು ಟ್ಯಾಟೂ ಎಂದೂ ಕರೆಯುತ್ತೇವೆ. ಹೆಸರು ಎರಡಾದರೂ ಚರ್ಮದೊಳಗೆ ನಡೆಯುವ ಕ್ರಿಯೆ ಒಂದೇ. ಆದರೆ “ಇದನ್ನು ಏಕೆ ಹಾಕಿಸಿಕೊಂಡಿರಿ?” ಎಂದು ಕೇಳಿದರೆ ಬರುವ ಉತ್ತರಗಳು ನಾನಾ ವಿಧ. ಆ ಉತ್ತರಗಳನ್ನು ಹೇಗೆ ಕೇಳಬೇಕು, ಹೇಗೆ ತೂಗಿ ನೋಡಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಪ್ಪು ಮಸಿ ಹಸಿರಾಗುವುದೇಕೆ?

ಹಿಂದೆ ಹಚ್ಚೆಗೆ ಬಳಸುತ್ತಿದ್ದ ಮುಖ್ಯ ವಸ್ತು ದೀಪದ ಮಸಿ. ಅದನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ ಚರ್ಮದೊಳಕ್ಕೆ ಸೇರಿಸುತ್ತಿದ್ದರು. ಮಸಿ ಎಂದರೆ ಇಂಗಾಲ. ಅದು ಶುದ್ಧ ಕಪ್ಪು. ಆದರೂ ಹಚ್ಚೆ ನೀಲಿಯಾಗಿ ಅಥವಾ ಹಸಿರಾಗಿ ತೋರುತ್ತದೆ. ಬೆಳಕು ಚರ್ಮವನ್ನು ಹೊಕ್ಕಾಗ ಅದರ ಕೆಂಪು ಕಿರಣಗಳು ಹೆಚ್ಚು ಆಳಕ್ಕೆ ಇಳಿದು ಇಂಗಾಲದಲ್ಲಿ ಹೀರಲ್ಪಡುತ್ತವೆ. ನೀಲಿ ಮತ್ತು ಹಸಿರು ಕಿರಣಗಳಾದರೋ ಮೇಲಿನ ಪದರಗಳಲ್ಲಿಯೇ ಚೆದುರಿ ನಮ್ಮ ಕಣ್ಣಿಗೆ ಹಿಂದಿರುಗುತ್ತವೆ. ಈ ಸಂಗತಿಯನ್ನು ನಮ್ಮ ಭಾಷೆಯೂ ಗುರುತಿಸಿದೆ. ‘ಪಾಲು’ ಎಂಬುದು ‘ಹಾಲು’ ಆದಂತೆ, ಹಸಿರು ಎಂಬ ಅರ್ಥದ ‘ಪಚ್ಚೆ’ಯೇ ‘ಹಚ್ಚೆ’ ಆಯಿತು. ಗಡಿಯ ಸಿರುಗುಪ್ಪ ಸೀಮೆಯಲ್ಲಿ ಕಿವಿಗೆ ಬೀಳುವ ತೆಲುಗಿನಲ್ಲಿ ಇಂದಿಗೂ ಇದು ‘ಪಚ್ಚಬೊಟ್ಟು’.

ಇನ್ನು ಹಚ್ಚೆ ಅಳಿಯದಿರಲು ಕಾರಣವೇನು? ನಮ್ಮ ಹೊರಚರ್ಮ ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಬಣ್ಣ ಅಲ್ಲಿಯೇ ಇದ್ದಿದ್ದರೆ ಬೇಗ ಉದುರಿಹೋಗುತ್ತಿತ್ತು. ಸೂಜಿಯು ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಇಳಿದು ಒಳಚರ್ಮದಲ್ಲಿ ಬಣ್ಣವನ್ನು ಬಿಡುತ್ತದೆ. ದೇಹವು ಅದನ್ನು ಪರಕೀಯ ವಸ್ತುವೆಂದು ತಿಳಿಯುವುದರಿಂದ, ಭಕ್ಷಕಕೋಶಗಳು ಬಂದು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಂದು ಭಕ್ಷಕಕೋಶ ಸತ್ತಾಗ ಅದು ಬಿಟ್ಟ ಬಣ್ಣವನ್ನು ಹೊಸದಾಗಿ ಬಂದ ಕೋಶ ಮತ್ತೆ ನುಂಗುತ್ತದೆ. ಹೀಗೆ ಕಾವಲುಗಾರರು ಬದಲಾದರೂ ಗಂಟು ಇದ್ದಲ್ಲಿಯೇ ಇರುತ್ತದೆ. ಸ್ವಲ್ಪ ಬಣ್ಣ ಮಾತ್ರ ಸಮೀಪದ ದುಗ್ಧಗ್ರಂಥಿಗಳಿಗೆ ಸಾಗಿ ಅಲ್ಲಿ ನೆಲೆಸುವುದುಂಟು.

ಹಚ್ಚೆ ಹೀಗೆ ಆಯುಷ್ಯಪೂರ್ತಿ ಉಳಿಯುವಂಥದು. ಅದನ್ನು ಹಾಕಿಸಿಕೊಂಡ ಕಾರಣವೂ ಅಷ್ಟು ಕಾಲ ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

ಕಾರಣಗಳ ವರ್ಗೀಕರಣ

ಜನರು ಹೇಳುವ ಕಾರಣಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವುಗಳನ್ನು ವಿಂಗಡಿಸಿಕೊಳ್ಳಬೇಕು.

ಮೊದಲನೆಯದು ಅಂದಕ್ಕಾಗಿ ಎಂಬ ಕಾರಣ. ಇದು ಅಭಿರುಚಿಯ ಮಾತು. ಇದನ್ನು ಸುಳ್ಳೆಂದು ಸಾಧಿಸುವ ಪ್ರಯೋಗವಿಲ್ಲ. ಚಿನ್ನ ಬೆಳ್ಳಿ ಕೊಳ್ಳಲಾರದ ಬಡವಿಗೆ ಮುಂಗೈಯ ಚುಕ್ಕೆಗಳೇ ಕಡಗವಾಗಿದ್ದವು. ಅದನ್ನು ಯಾರೂ ಕದಿಯುವಂತಿಲ್ಲ, ಕಷ್ಟಕಾಲದಲ್ಲಿ ಅಡವಿಡುವಂತೆಯೂ ಇಲ್ಲ.

ಎರಡನೆಯದು ನಂಬಿಕೆ. ಸತ್ತಾಗ ಒಡವೆಗಳನ್ನೆಲ್ಲ ತೆಗೆದುಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ಮಾತು ಭಾರತದ ನಾನಾ ಭಾಗಗಳಲ್ಲಿ ಪ್ರಚಾರದಲ್ಲಿದೆ. ಪರಲೋಕದ ವಿಷಯವನ್ನು ವಿಜ್ಞಾನ ಅಳೆಯಲಾರದು. ಆದರೆ ಒಡವೆ ತನ್ನದಲ್ಲ, ಮೈ ಮಾತ್ರ ತನ್ನದು ಎಂಬ ಹೆಣ್ಣಿನ ಅನುಭವವು ಈ ಮಾತಿನ ಹಿಂದೆ ಇರಬಹುದಲ್ಲವೆ? ನಗುವುದಕ್ಕೆ ಮುಂಚೆ ಇದನ್ನು ಯೋಚಿಸಬೇಕು.

ಮೂರನೆಯದು ಚಿಕಿತ್ಸೆ. ಕೀಲುನೋವು ಹೋಗಲೆಂದು ಹಚ್ಚೆ ಚುಚ್ಚಿಸಿಕೊಂಡೆನೆಂದು ಒಬ್ಬರು ಹೇಳಿದರೆ, ಅದು ಪರೀಕ್ಷೆಗೆ ಒಳಪಡತಕ್ಕ ಹೇಳಿಕೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5300 ವರ್ಷ ಹಿಂದಿನ ಮನುಷ್ಯನ ದೇಹದಲ್ಲಿ 61 ಹಚ್ಚೆಗಳಿವೆ. ಅವುಗಳಲ್ಲಿ ಅನೇಕವು ಸವೆದ ಕೀಲುಗಳ ಸಮೀಪದಲ್ಲಿರುವುದರಿಂದ, ಅವು ಚಿಕಿತ್ಸೆಗೆಂದು ಹಾಕಿದವಾಗಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಈ ನಂಬಿಕೆ ಬಹು ಹಳೆಯದೆಂದು ಇದರಿಂದ ತೋರಬಹುದು. ನಂಬಿಕೆ ನಿಜವೆಂದು ಮಾತ್ರ ಸಿದ್ಧವಾಗದು. ನೋವು ಹಲವು ವೇಳೆ ತಾನಾಗಿಯೇ ಇಳಿಯುತ್ತದೆ. ಇಳಿದವರು ಹಚ್ಚೆಯನ್ನು ನೆನೆಯುತ್ತಾರೆ, ಇಳಿಯದವರು ಮರೆಯುತ್ತಾರೆ. ಹಚ್ಚೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದ ಹೊರತು ನಿರ್ಣಯ ಹೇಳಲಾಗದು.

ನಾಲ್ಕನೆಯದು ಗುರುತು. ಇಲ್ಲಿ ಒಂದು ಕಹಿ ಸತ್ಯವನ್ನು ಹೇಳಬೇಕಾಗಿದೆ. ಬಳ್ಳಾರಿ ಸೀಮೆಯು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, 1953ರವರೆಗೆ ಮದರಾಸಿಗೆ ಸೇರಿತ್ತು. ಬಂಗಾಳ ಮತ್ತು ಮದರಾಸು ಆಧಿಪತ್ಯಗಳಲ್ಲಿ ಕಂಪನಿಯ ಸರ್ಕಾರವು ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಬರೆಸುತ್ತಿತ್ತು. ಈ ಪದ್ಧತಿ ರದ್ದಾದದ್ದು 1849ರಲ್ಲಿ. ಆ ಕೈದಿಗೆ “ಏಕೆ ಹಾಕಿಸಿಕೊಂಡೆ?” ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ, ಕಾರಣ ಅವನದಾಗಿರಲಿಲ್ಲ. ಊರೂರು ಅಲೆದು ಹಚ್ಚೆ ಚುಚ್ಚುವ ಕಸಬು ಕೊರವ ಹೆಂಗಸರದೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಬರೆದಿದ್ದಾನೆ. ಇತರರ ಮೈಯನ್ನು ಅಲಂಕರಿಸಿದ ಅದೇ ಜನರನ್ನು ಸರ್ಕಾರವು ಮುಂದೆ ‘ಅಪರಾಧಿ ಬುಡಕಟ್ಟು’ ಎಂಬ ಪಟ್ಟಿಯಲ್ಲಿ ಸೇರಿಸಿತು. ಅದು ಸೂಜಿಯಿಲ್ಲದೆ ಹಾಕಿದ ಹಚ್ಚೆ!

ಪ್ರಶ್ನೆ ಕೇಳುವ ಕ್ರಮ

ಹೇಳುವ ಕಾರಣ ಬೇರೆ, ಕೆಲಸ ಮಾಡಿಸಿದ ಕಾರಣ ಬೇರೆ ಆಗಿರಬಹುದು. ಎಂಟು ವರ್ಷದ ಹುಡುಗಿಯ ಕೈಯನ್ನು ತಾಯಿಯೋ ಅಜ್ಜಿಯೋ ಹಿಡಿದುಕೊಂಡು ಹಚ್ಚೆ ಹಾಕಿಸಿದ್ದರೆ, ಅರವತ್ತು ವರ್ಷಗಳ ಮೇಲೆ ಆಕೆ ಹೇಳುವ ಕಾರಣವು ಅನಂತರ ಕೇಳಿ ಕಲಿತದ್ದು. ಆಕೆಯ ಮಾತನ್ನು ಸುಳ್ಳೆನ್ನಲಾಗದು. ಆದರೆ ಆ ದಿನ ಆಕೆಯನ್ನು ಯಾರೂ ಕೇಳಿರಲಿಲ್ಲವೆಂಬುದೂ ದಿಟವೇ.

ಆದುದರಿಂದ ನಿಮ್ಮ ಊರಿನಲ್ಲಿ ಇಂಥ ವಿಚಾರಣೆ ನಡೆಸುವಾಗ ‘ಏಕೆ’ ಎಂಬುದನ್ನು ಕೊನೆಗಿಡಿ. ಆಗ ವಯಸ್ಸೆಷ್ಟು? ಯಾರು ಕರೆದೊಯ್ದರು? ಚಿತ್ರವನ್ನು ಆರಿಸಿದವರು ಯಾರು? ಜೊತೆಗೆ ಮತ್ತಾರು ಹಾಕಿಸಿಕೊಂಡರು? ಬೇಡವೆನ್ನಲು ಸಾಧ್ಯವಿತ್ತೆ? ಇವನ್ನು ಮೊದಲು ಕೇಳಿ. “ದೃಷ್ಟಿ ತಾಕದಿರಲೆಂದು ಹಾಕಿಸಿದರೆ?” ಎಂದು ಕೇಳಿದರೆ ಬಹುಮಂದಿ ಹೌದೆನ್ನುತ್ತಾರೆ; ಅದು ನಿಮ್ಮ ಉತ್ತರ, ಅವರದಲ್ಲ. ಅವರ ಒಪ್ಪಿಗೆ ಪಡೆದು, ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಳ್ಳಿ. ಇದೇ ಪ್ರಶ್ನೆಗಳನ್ನು ನಿಮ್ಮ ಸಹಪಾಠಿಗೂ ಹಾಕಿರಿ. ಚಿತ್ರತಾರೆಯ ಹೆಸರನ್ನು ಸ್ವಂತ ಇಚ್ಛೆಯಿಂದ ಬರೆಸಿಕೊಂಡೆನೆನ್ನುವವನು ಗೆಳೆಯರು ನಾಲ್ವರೊಡನೆ ಹೋಗಿದ್ದನೆಂದು ತಿಳಿದುಬರಬಹುದು.

ಸೂಜಿಗೆ ಮುಂಚೆ

ಈ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ಮೊದಲಾದ ಜಾತ್ರೆಗಳಿಗೆ ಹೋದ ಉತ್ಸಾಹದಲ್ಲಿ ಹಚ್ಚೆಯ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಎಲ್ಲಿಯೇ ಆಗಲಿ, ಒಬ್ಬರಿಗೆ ಬಳಸಿದ ಸೂಜಿ ಅಥವಾ ಬಣ್ಣ ಇನ್ನೊಬ್ಬರಿಗೆ ತಾಕಿದರೆ ಹೆಪಟೈಟಿಸ್ ‘ಬಿ’, ‘ಸಿ’ ಮತ್ತು ಎಚ್‌ಐವಿ ಹರಡುವ ಅಪಾಯವಿದೆ. ಹೆಪಟೈಟಿಸ್ ‘ಬಿ’ ವೈರಸ್ಸು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಶಕ್ತಿಯನ್ನು ಉಳಿಸಿಕೊಂಡಿರಬಲ್ಲದು. ಈ ಕಾರಣದಿಂದಲೇ ಹಚ್ಚೆ ಹಾಕಿಸಿಕೊಂಡವರಿಂದ ನಮ್ಮ ರಕ್ತನಿಧಿಗಳು 12 ತಿಂಗಳವರೆಗೆ ರಕ್ತವನ್ನು ಸ್ವೀಕರಿಸುವುದಿಲ್ಲ. ಸೈನ್ಯ ಸೇರಬಯಸುವವರು ಇನ್ನೊಂದನ್ನು ತಿಳಿದಿರಬೇಕು: ಬುಡಕಟ್ಟಿನ ರೂಢಿಗೆ ಸೇರಿದವರನ್ನು ಬಿಟ್ಟರೆ, ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿಯ ಹೊರತು ಬೇರೆಡೆ ಶಾಶ್ವತ ಹಚ್ಚೆಯಿದ್ದವರಿಗೆ ಭಾರತೀಯ ಸೇನೆಯ ನೇಮಕಾತಿಯಲ್ಲಿ ಅವಕಾಶವಿಲ್ಲ.

ಲೇಸರ್ ಕಿರಣದಿಂದ ಅಳಿಸಬಹುದಲ್ಲ ಎನ್ನಬಹುದು. ಅದು ಬಣ್ಣದ ಕಣಗಳನ್ನು ಒಡೆದು ಚೂರು ಮಾಡುತ್ತದೆ. ಚೂರುಗಳನ್ನು ದೇಹವು ಮೆಲ್ಲಮೆಲ್ಲನೆ ಸಾಗಿಸಬೇಕು. ಅನೇಕ ಸಲ ಚಿಕಿತ್ಸೆ ಬೇಕು, ಖರ್ಚು ಹೆಚ್ಚು. ಗುರುತು ಪೂರ್ತಿ ಹೋಗುವುದೆಂಬ ಭರವಸೆಯೂ ಇಲ್ಲ.

ಅಜ್ಜಿಯ ಕಾಲದಲ್ಲಿ ಬೇಡವೆನ್ನುವ ಅವಕಾಶ ಅನೇಕ ಹುಡುಗಿಯರಿಗೆ ಇರಲಿಲ್ಲ. ಇಂದಿನ ವಿದ್ಯಾರ್ಥಿಗೆ ಅದು ಇದೆ. ಬೇಕೆನ್ನುವ ಅವಕಾಶವೂ ಇದೆ. ಮನಸ್ಸಿಗೆ ತೋರಿದ ಕಾರಣವನ್ನು ಕಾಗದದ ಮೇಲೆ ಬರೆದಿಟ್ಟು, ಒಂದು ವರ್ಷ ಕಳೆದ ಮೇಲೆ ತೆಗೆದು ಓದಿರಿ. ಆಗಲೂ ಅದು ನಿಮ್ಮದೇ ಎನಿಸಿದರೆ ಮುಂದಿನ ವಿಚಾರ ಮಾಡಬಹುದು. ಕಾಗದದ ಬರಹವನ್ನು ಹೊಡೆದುಹಾಕಲು ಒಂದು ಗೆರೆ ಸಾಕು.