ಬೀರಿನಲ್ಲಿ ಬೆಣ್ಣೆಯ ವಾಸನೆ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ತಮ್ಮ ಬೆಂಗಳೂರಾಗ ಕಂಪನಿ ಕೆಲಸಕ್ಕ ಅದಾನ್ರಿ. ಅವನ ಕಡೆ ಹೋದಾಗ ಗೆಳ್ಯಾರ ಜೋಡಿ ನನ್ನೂ ಅಲ್ಲೇ ಬೀರ್ ತಯಾರ ಮಾಡಿ ಕೊಡೂ ಒಂದು ಹೋಟೆಲಿಗೆ ಕರಕೊಂಡು ಹ್ವಾದ. ನಾ ಕುಡ್ಯಾಂವಲ್ಲ. ಅವರೂ ಭಾಳ ಕುಡೀಲಿಲ್ಲ. ಸಣ್ಣ ಗ್ಲಾಸಿನ್ಯಾಗ ಐದಾರು ನಮೂನಿ ತರಿಸಿ, ಮೂಸಿ ನೋಡಿ, ವಹಿಯೊಳಗ ಬರಕೊಂಡು, ತಾಸಗಟ್ಟಲೆ ವಾದಾ ಮಾಡಿದ್ರು. ಒಂದಕ್ಕ ನನ್ನ ತಮ್ಮ ‘ಇದು ಬೆಣ್ಣಿ ವಾಸನಿ ಹೊಡೀತದ, ಬರೋಬ್ಬರಿ ಆಗಿಲ್ಲ’ ಅಂದ. ಬೀರಿನ್ಯಾಗ ಬೆಣ್ಣಿ ಎಲ್ಲಿಂದ ಬಂತ್ರಿ? ಇವರು ಏನ ನೋಡ್ತಾರ, ಹೆಂಗ ಮಾರ್ಕ್ಸ್ ಹಾಕ್ತಾರ? ಮತ್ತ ಬಾರ್ಲಿ ಬದ್ಲಿ ನಮ್ಮ ಜ್ವಾಳದ್ದು ಬೀರ್ ಆಗೂದಿಲ್ಲೇನು?
— ಓದುಗರೊಬ್ಬರು, ದುಮ್ಮವಾಡ, ಕಲಘಟಗಿ ತಾಲೂಕು

ಉತ್ತರ: ನಿಮ್ಮ ತಮ್ಮನ ಮೂಗು ಚುರುಕಾಗಿದೆ. ಬೀರಿಗೆ ಯಾರೂ ಬೆಣ್ಣೆ ಹಾಕುವುದಿಲ್ಲ. ಆದರೆ ಬೆಣ್ಣೆಗೆ ಆ ಪರಿಮಳ ಕೊಡುವ ವಸ್ತುವೇ ಬೀರಿನಲ್ಲೂ ಹುಟ್ಟುತ್ತದೆ. ಅದರ ಹೆಸರು ಡಯಾಸಿಟೈಲ್. ನಿಮ್ಮ ಮನೆಯಲ್ಲಿ ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುವ ರೂಢಿಯಿದ್ದರೆ ಅದು ನಿಮಗೆ ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ. ಹೆಪ್ಪಿನೊಳಗಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ.

ಬೀರಿನಲ್ಲಿ ಆ ಕೆಲಸ ಯೀಸ್ಟಿನದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸಿಹಿ ರಸ ಬಸಿದುಕೊಳ್ಳುತ್ತಾರೆ. ಅದಕ್ಕೆ ಕಹಿಗಾಗಿ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುವ ಭರದಲ್ಲಿ ಇನ್ನೊಂದು ಪದಾರ್ಥವನ್ನೂ ಹೊರಗೆ ಬಿಡುತ್ತದೆ. ಅದು ರಸದಲ್ಲಿ ನಿಧಾನವಾಗಿ ಡಯಾಸಿಟೈಲ್ ಆಗುತ್ತದೆ. ಆಮೇಲೆ ಅದೇ ಯೀಸ್ಟ್ ಅದನ್ನು ಮತ್ತೆ ಒಳಗೆಳೆದುಕೊಂಡು, ಹೆಚ್ಚೇನೂ ವಾಸನೆಯಿಲ್ಲದ ವಸ್ತುವಾಗಿ ಬದಲಿಸುತ್ತದೆ. ಇದಕ್ಕೆ ಕೆಲವು ದಿನ ಬೇಕು. ಲಾಗರ್ ಜಾತಿಯ ಬೀರು ಮಾಡುವವರು ಹುದುಗುವಿಕೆ ಮುಗಿಯುತ್ತ ಬಂದಾಗ ಟ್ಯಾಂಕನ್ನು ಕೊಂಚ ಬೆಚ್ಚಗೆ ಬಿಟ್ಟು ಎರಡು ಮೂರು ದಿನ ಕಾಯುವುದು ಇದಕ್ಕಾಗಿಯೇ. ಶನಿವಾರದ ಗಿರಾಕಿಗೆ ಒದಗಿಸಬೇಕೆಂದು ಬೇಗ ತಣ್ಣಗೆ ಮಾಡಿಬಿಟ್ಟರೆ ಯೀಸ್ಟ್ ತಳಕ್ಕಿಳಿದು ಸುಮ್ಮನಾಗುತ್ತದೆ, ಬೆಣ್ಣೆ ಹಾಗೇ ಉಳಿಯುತ್ತದೆ. ಇನ್ನೊಂದು ಕಾರಣವೂ ಇರಬಹುದು. ಟ್ಯಾಂಕಿನಿಂದ ನಲ್ಲಿಗೆ ಬರುವ ಕೊಳವೆಯನ್ನು ಸರಿಯಾಗಿ ತೊಳೆಯದಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ನೆಲೆಮಾಡಿ ಇದೇ ವಾಸನೆ ಎಬ್ಬಿಸುತ್ತದೆ. ಆಗ ಸಾಮಾನ್ಯವಾಗಿ ಹುಳಿಯೂ ಜೊತೆಗೇ ಬರುತ್ತದೆ. ಅಂದರೆ ನಿಮ್ಮ ತಮ್ಮ ಒಂದು ಗುಟುಕಿನಲ್ಲಿ ಅವಸರವನ್ನೋ ಕೊಳೆಯನ್ನೋ ಪತ್ತೆ ಹಚ್ಚಿದ್ದಾನೆ. ಇದನ್ನು ಷೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬರು ಮಾಡಿದ ಕೆಲಸವನ್ನು ಇಷ್ಟು ಗಮನವಿಟ್ಟು ನೋಡುವವರು ಇದ್ದಾಗಲೇ ಆ ಕೆಲಸ ಸುಧಾರಿಸುತ್ತದೆ.

ಆದರೆ ಬೆಣ್ಣೆ ವಾಸನೆ ಎಲ್ಲ ಬೀರಿಗೂ ದೋಷವಲ್ಲ. ಜೆಕ್ ದೇಶದ ಕೆಲವು ಪಿಲ್ಸ್ನರ್‌ಗಳಲ್ಲಿ, ಇಂಗ್ಲೆಂಡಿನ ಕೆಲವು ಏಲ್‌ಗಳಲ್ಲಿ ಅದು ತುಸು ಇದ್ದರೆ ಒಪ್ಪುತ್ತಾರೆ. ಜರ್ಮನಿಯ ಗೋಧಿ ಬೀರಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇರಲೇಬೇಕು. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ, ಅದೂ ಯೀಸ್ಟಿನ ಕೈಚಳಕವೇ. ಅದೇ ಬಾಳೆಹಣ್ಣು ಲಾಗರ್‌ನಲ್ಲಿ ಬಂದರೆ ಅಂಕ ಹೋಯಿತು. ಆದ್ದರಿಂದ ಬಲ್ಲವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡುತ್ತಾರೆ. ನನಗೆ ಇದು ಸೇರಿತೇ ಎಂಬುದು ಒಂದು. ಇದು ಏನಾಗಬೇಕೆಂದು ಹೊರಟಿತ್ತೋ ಅದಾಗಿದೆಯೇ ಎಂಬುದು ಇನ್ನೊಂದು. ನಿಮ್ಮೆದುರು ತಾಸುಗಟ್ಟಲೆ ನಡೆದ ವಾದದ ಮುಕ್ಕಾಲು ಪಾಲು ಈ ಎರಡನ್ನು ಬಿಡಿಸುವುದರಲ್ಲೇ ಹೋಗಿರುತ್ತದೆ. ಬೀರುಗಳನ್ನು ಹೀಗೆ ಜಾತಿವಾರು ನೋಡುವ ಅಭ್ಯಾಸ ಹಬ್ಬಲು ಇಂಗ್ಲೆಂಡಿನ ಬರಹಗಾರ ಮೈಕೆಲ್ ಜಾಕ್ಸನ್ 1977ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಗೈಡ್ ಟು ಬೀರ್’ ದೊಡ್ಡ ಕಾರಣ.

ಅಂಕ ಹಾಕುವವರಿಗೆ ಹೆಚ್ಚು ಬಳಕೆಯಲ್ಲಿರುವ ಪಟ್ಟಿ ಅಮೆರಿಕದ ಬೀರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆಯದು. ಅದು ಶುರುವಾದದ್ದು 1985ರಲ್ಲಿ. ಒಟ್ಟು 50 ಅಂಕ. ರುಚಿಗೆ 20, ಪರಿಮಳಕ್ಕೆ 12, ಒಟ್ಟಾರೆ ಅನಿಸಿಕೆಗೆ 10, ಬಾಯಲ್ಲಿ ದಪ್ಪವೋ ತೆಳುವೋ ಚುರುಚುರು ಅನ್ನುತ್ತದೋ ಎಂಬುದಕ್ಕೆ 5. ಬಣ್ಣ, ನೊರೆ, ತಿಳಿತನ ಸೇರಿ ನೋಟಕ್ಕೆ ಬರೀ 3. ಚೆಂದ ಕಂಡದ್ದಕ್ಕೆ ಅಷ್ಟೇ ಬೆಲೆ ಎಂಬುದು ನನಗೆ ಮೆಚ್ಚುಗೆಯಾಗುವ ಸಂಗತಿ. ಪರಿಮಳಕ್ಕೆ 12 ಏಕೆಂದು ನಿಮ್ಮ ತಾಲೂಕಿನವರಿಗೆ ವಿವರಿಸಬೇಕಿಲ್ಲ: ಆಪೂಸ್ ಮಾವಿನ ತೊಟ್ಟಿನ ಹತ್ತಿರ ಮೂಸಿದರೆ ಹಣ್ಣಿನ ಅರ್ಧ ಜಾತಕ ತಿಳಿಯುತ್ತದಲ್ಲ, ಹಾಗೆ.

ಗ್ಲಾಸು ಸಣ್ಣದಿದ್ದದ್ದು, ಅವರು ತಡಮಾಡಿ ಕುಡಿದದ್ದು ಕೂಡ ಪದ್ಧತಿಯೇ. ತೀರ್ಪುಗಾರರು ಒಂದು ಮಾದರಿಗೆ 60ರಿಂದ 90 ಮಿಲಿಲೀಟರ್ ಹಾಕಿಸಿಕೊಳ್ಳುತ್ತಾರೆ, ಗ್ಲಾಸಿನ ಮೇಲ್ಭಾಗ ಪರಿಮಳ ನಿಲ್ಲಲು ಖಾಲಿ ಬಿಡುತ್ತಾರೆ. ಹಗುರದಿಂದ ಶುರುಮಾಡಿ ಕಡು ಕಹಿಯದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ನಡುನಡುವೆ ನೀರು, ಸಪ್ಪೆ ಬ್ರೆಡ್ಡು. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ, ಒಳ್ಳೆಯದೂ ಕೆಟ್ಟದ್ದೂ ಎರಡೂ ಮುಚ್ಚಿಹೋಗುತ್ತವೆ. ಅದಕ್ಕೇ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕೊಂಚ ಬೆಚ್ಚಗಾಗಲು ಬಿಡುತ್ತಾರೆ. ಬಿಸಿಲಿಗೆ ಬಿದ್ದ ಬೀರನ್ನು ಅವರು ಮೊದಲೇ ದೂರವಿಡುತ್ತಾರೆ. ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ದುರ್ವಾಸನೆ ಬರುತ್ತದೆ. ಕಂದು ಬಣ್ಣದ ಬಾಟಲಿ ಅದನ್ನು ಬಹಳಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟು ತಡೆಯದು.

ಇಷ್ಟೆಲ್ಲ ಬರೀ ಭ್ರಮೆಯಲ್ಲವೇ ಎಂದು ನಿಮಗೆ ಅನಿಸಿದ್ದರೆ, ಅದೇ ಅನುಮಾನ ಬೀರು ತಯಾರಕರಿಗೂ ಇತ್ತು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ಅದಕ್ಕೊಂದು ಪರೀಕ್ಷೆ ಬೆಳೆಯಿತು. ಮೂರು ಗ್ಲಾಸು; ಎರಡರಲ್ಲಿ ಒಂದೇ ಬೀರು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು, ಅಷ್ಟೇ. ಇದನ್ನು ನೀವು ಮನೆಯಲ್ಲಿ ಮಜ್ಜಿಗೆಯಲ್ಲೇ ಮಾಡಿ ನೋಡಬಹುದು. ಮೂರು ಲೋಟ ಮಜ್ಜಿಗೆ, ಒಂದಕ್ಕೆ ಮಾತ್ರ ಉಪ್ಪು ಒಂದು ಚೂರು ಹೆಚ್ಚು. ಲೋಟ ಇಡುವವರು ಬೇರೆ, ಕುಡಿಯುವವರು ಬೇರೆ. ಕಣ್ಣುಮುಚ್ಚಿ ಆರಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ, ಆದ್ದರಿಂದ ಒಂದೇ ಸಲಕ್ಕೆ ನಂಬಬಾರದು. ಆರು ಸಲದಲ್ಲಿ ಐದು ಸಲವಾದರೂ ಸರಿ ಹೇಳಿದರೆ ನಾಲಿಗೆಯನ್ನು ನಂಬಬಹುದು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನಿಮ್ಮ ತಮ್ಮ ಮತ್ತು ಅವನ ಗೆಳೆಯರು ಇದನ್ನೂ ಆಗಾಗ ಮಾಡಬೇಕು. ಹೆಸರು ನೋಡಿ ಹೊಗಳುವ ಚಟ ಎಂಥ ಬಲ್ಲವರಿಗೂ ಅಂಟಿಕೊಳ್ಳುತ್ತದೆ.

ಬೆಂಗಳೂರಿಗೆ ಬೀರು ಹೊಸದಲ್ಲ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಆದರೆ ದಶಕಗಳ ಕಾಲ ಗಿರಾಕಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ತಿಳಿ ಲಾಗರ್. ಕಣ್ಣೆದುರೇ ಟ್ಯಾಂಕು ಇಟ್ಟು ಹತ್ತು ಬಗೆ ಮಾಡಿ ಕೊಡುವ ಮೈಕ್ರೋಬ್ರೂವರಿಗಳು ಬಂದದ್ದು 2010ರಿಂದ ಈಚೆಗೆ. ಇಂದಿರಾನಗರದ ಟಾಯ್ಟ್ ಆ ವರ್ಷ ತೆರೆಯಿತು. ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಬ್ರೂವರಿಯ ಹೆಸರು ಹೊತ್ತ ಆರ್ಬರ್ ಬ್ರೂಯಿಂಗ್ ಕಂಪನಿ 2012ರಲ್ಲಿ ಮಗ್ರಾತ್ ರಸ್ತೆಗೆ ಬಂತು. ಈಗ ನಗರದಲ್ಲಿ ಇಂಥವು ಹತ್ತಾರು. ಇಲ್ಲಿನ ಬೀರನ್ನು ಸಾಮಾನ್ಯವಾಗಿ ಪಾಶ್ಚರೀಕರಿಸುವುದಿಲ್ಲ, ಅದು ಬಹಳ ದಿನ ತಡೆಯದು, ಹೆಚ್ಚಿನಂಶ ಅಲ್ಲಿಯೇ ಕೂತು ಕುಡಿಯಬೇಕು. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕು ತುಂಬಿ ಗಿರಾಕಿ ಇಲ್ಲದಾದಾಗ ಸರ್ಕಾರ ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮನೆಗೆ ಒಯ್ಯಲು ಬಿಟ್ಟಿತ್ತು. ಹೀಗೆ ಜಾಗಕ್ಕೆ ಅಂಟಿಕೊಂಡ ಪದಾರ್ಥವಾದ್ದರಿಂದ ಒಳ್ಳೆಯದನ್ನು ಹುಡುಕುವುದೆಂದರೆ ಒಬ್ಬರು ಇನ್ನೊಬ್ಬರಿಗೆ ಹೇಳುವುದು. ಅದರಲ್ಲೂ ಬ್ರೂವರ್ ಕೈಗೆ ಸಿಕ್ಕಿ ಮಾತಾಡಿದರೆ ನಿಮ್ಮ ತಮ್ಮನ ಆ ವಹಿ ತುಂಬ ಬೆಲೆಬಾಳುತ್ತದೆ: ಯಾವ ದಿನ ತುಂಬಿದ್ದು, ಎಷ್ಟು ದಿನ ಇಟ್ಟದ್ದು, ಈ ಸಲ ಏನು ಬದಲಾಯಿಸಿದ್ದು.

ಬೇಸಿಗೆಯಲ್ಲಿ ಹೋದರೆ ಮಾವಿನ ಬೀರು ಕೇಳಿ ಮೂಸಿ ನೋಡಿ, ಕುಡಿಯುವುದು ಬೇಡ. ಮಾವಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದುಬಿಡುವುದರಿಂದ ಅದರಲ್ಲಿ ಪರಿಮಳ ಉಳಿಯುತ್ತದೆ, ಸಿಹಿ ಉಳಿಯುವುದಿಲ್ಲ. ಶೀಕರಣಿಯಷ್ಟು ಸಿಹಿಯಿದ್ದರೆ ಆಮೇಲೆ ಏನೋ ಬೆರೆಸಿದ್ದಾರೆ ಎಂದು ಅನುಭವಿಗಳು ಅನುಮಾನಿಸುತ್ತಾರೆ.

ನೀವು ಕೇಳದ ಒಂದು ಮಾತನ್ನೂ ಇಲ್ಲಿ ಹೇಳಬೇಕು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಗುವವರೆಗೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳು ಕುಡಿತದಿಂದ ಪಟ್ಟ ಪಾಡು ಎಲ್ಲರಿಗೂ ಗೊತ್ತು, ಆಮೇಲೂ ಅದು ಮುಗಿದಿಲ್ಲ. ಮದ್ಯ ಎಷ್ಟೇ ಕಡಿಮೆಯಾದರೂ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಕರಕುಶಲದ ಬೀರು ಈ ಮಾತಿಗೆ ಹೊರತಲ್ಲ. ಕುಡಿಯದ ನೀವು ಅದಕ್ಕಾಗಿ ಶುರುಮಾಡಬೇಕಿಲ್ಲ; ನಿಮ್ಮ ತಮ್ಮ ಆ ಸಣ್ಣ ಗ್ಲಾಸನ್ನು ದೊಡ್ಡದು ಮಾಡದಂತೆ ಅಣ್ಣನಾಗಿ ಕೇಳಿಕೊಳ್ಳಿ, ಬೈಕ್ ಹತ್ತದಂತೆಯೂ.

ಈಗ ಜೋಳ. ಆಗುತ್ತದೆ, ಆಫ್ರಿಕದಲ್ಲಿ ಬಹಳ ಕಾಲದಿಂದ ಆಗುತ್ತಲೇ ಇದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳ, ಗೋವಿನಜೋಳಕ್ಕೆ ಇಳಿದವು. ತೊಡಕು ಎಲ್ಲಿದೆಯೆಂದರೆ, ಬಾರ್ಲಿ ಕಾಳಿಗೆ ಭತ್ತದಂತೆ ಹೊಟ್ಟು ಅಂಟಿಕೊಂಡಿರುತ್ತದೆ, ರಸ ಬಸಿಯುವಾಗ ಆ ಹೊಟ್ಟೇ ಜರಡಿಯಾಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಬಿಳಿಜೋಳದ ಕಾಳು ಬರಿಮೈಯದು, ರಸ ಕಟ್ಟಿಕೊಳ್ಳುತ್ತದೆ. ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಆ ಕಾವಿಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸಾಯುತ್ತವೆ. ಹೊರಗಿನಿಂದ ಕಿಣ್ವ ಹಾಕಿ, ಬೇರೆ ಸಲಕರಣೆಯಿಂದ ಸೋಸಿ ದಾರಿ ಮಾಡಿಕೊಳ್ಳಬೇಕು. ನಿಮ್ಮ ಕಲಘಟಗಿಯ ಭತ್ತ, ಗೋವಿನಜೋಳಗಳ ಮಾತು ಸುಲಭ, ಅವನ್ನು ಬಾರ್ಲಿಯ ಜೊತೆ ಬೆರೆಸುವುದು ವಾಡಿಕೆ. ಟಾಯ್ಟ್‌ನಲ್ಲಿ ಬಾಸ್ಮತಿ ಅಕ್ಕಿ ಬೆರೆಸಿದ ಒಂದು ಬೀರಿದೆ.

ಬುರ್ಕಿನಾ ಫಾಸೊದ ದೋಲೊ ಜೋಳದ ಬೀರೇ; ದಕ್ಷಿಣ ಆಫ್ರಿಕದ ಉಮ್ಕೊಂಬೋತಿಯಲ್ಲಿ ಗೋವಿನಜೋಳದ ಜೊತೆ ಜೋಳವೂ ಇರುತ್ತದೆ. ಉಮ್ಕೊಂಬೋತಿ ಹುಳಿ, ಗಂಜಿಯಂತೆ ಮಬ್ಬು, ಇನ್ನೂ ಹುದುಗುತ್ತಿರುವಾಗಲೇ ಕುಡಿಯುವಂಥದ್ದು. ಮಬ್ಬಾಗಿದೆ ಎಂದು ಅದಕ್ಕೆ ಅಂಕ ಕಡಿದರೆ ತಪ್ಪು ತೀರ್ಪುಗಾರನದು. ನಮ್ಮ ಜೋಳದ ಬೀರು ಬೆಂಗಳೂರಿನ ಟ್ಯಾಂಕಿನಿಂದ ಬಂದರೆ ನಿಮ್ಮ ತಮ್ಮ ಅದನ್ನು ಲಾಗರ್‌ನ ಅಳತೆಯಿಂದ ಅಳೆಯದಿರಲಿ. ಆದರೆ ಮನೆಯಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅದಲ್ಲದೆ, ಎಳೆಯ ಜೋಳ ಮೇಯ್ದ ದನ ನಿಂತಲ್ಲೇ ಬೀಳುವುದನ್ನು ನಿಮ್ಮ ಕಡೆಯ ರೈತರು ಬಲ್ಲರು. ಸಯನೈಡ್ ಬಿಡುವ ಆ ವಸ್ತುವೇ ಮೊಳಕೆಯೊಡೆದ ಜೋಳದ ಚಿಗುರು ಬೇರುಗಳಲ್ಲೂ ಇರುತ್ತದೆ. ಆ ಚಿಗುರು ಬೇರುಗಳನ್ನು ಒಣಗಿಸಿ, ಉಜ್ಜಿ ತೆಗೆದು, ಉಳಿದ ವಿಷವನ್ನು ಕಾವಿನಿಂದ ಕಳೆಯುವ ಕ್ರಮ ಅರಿತವರೇ ಆ ಕೆಲಸ ಮಾಡಬೇಕು.